ಕೊಂಬಿನ ಹಿಡಿಯ ಚಾಕು

ನನ್ನ ತಮ್ಮ ಅಮಾನ್ಸ್ ತೀರಿಕೊಂಡ ಸುದ್ದಿ ನಮ್ಮ ಮನೆಗೆ ಬಂದದ್ದು ಬ್ರೆಡ್ಡಿನ ಗಾಡಿಯ ಜೊತೆಗೆ. ಫ್ರಾನ್ಸಿನ ಓಬ್ರಾಕ್ ಬೆಟ್ಟದ ಮೇಲಿನ ನಮ್ಮ ಹಳ್ಳಿಗಳಿಗೆ ಬೇಕರಿಯವನೇ ಗಾಡಿ ತರುತ್ತಾನೆ. ತಿರುವಿನಲ್ಲೇ ಹಾರ್ನ್ ಹೊಡೆಯುತ್ತಾನೆ, ನಾವು ಚೀಲ ಹಿಡಿದು ಹೊರಗೆ ಬರುತ್ತೇವೆ. ಆ ದಿನ ಹಾರ್ನ್ ಕೇಳಿಸಲಿಲ್ಲ. ಆಲೂಗಡ್ಡೆ ಸುಲಿಯುತ್ತಿದ್ದ ನಾನು ತಲೆಯೆತ್ತಿ ನೋಡಿದರೆ ಅವನು ಟೋಪಿಯನ್ನು ಕೈಯಲ್ಲಿ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ.

"ಮೊದ್ಲು ಕೂತ್ಕೊಳ್ಳಿ ಅಮ್ಮಾ," ಅಂದ.

ನಾನು ಕೂರಲಿಲ್ಲ. ಅವನು ನಿಂತೇ ಹೇಳಿದ. ಎಸ್ಪಾಲಿಯೋನ್ ಪೇಟೆಯ ಹಳೆಯ ಸಾಮಾನಿನ ಸಂತೆಯಲ್ಲಿ, ಸೇತುವೆಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದ ಅಮಾನ್ಸ್ ಕೂತ ಹಾಗೆಯೇ ಹೋಗಿಬಿಟ್ಟಿದ್ದ. ನಿದ್ದೆ ಬಂದಿದೆ ಎಂದುಕೊಂಡು ಜನ ಬಹಳ ಹೊತ್ತು ಎಬ್ಬಿಸಿರಲಿಲ್ಲವಂತೆ. ತೊಡೆಯ ಮೇಲೆ ಒಂದು ಕಾಗದದ ಪೊಟ್ಟಣ, ಅದರ ತುಂಬ ಮುರಿದ ಮಡಿಚಾಕುಗಳು. ಬೆಳಗಿನ ಬಸ್ಸಿಗೆ ಹೊರಟಾಗ ಅವನು ನನಗೆ ಹೇಳಿದ್ದು ಎಲೆಕೋಸಿನ ಸೂಪನ್ನು ಒಲೆಯ ಅಂಚಿನಲ್ಲಿ ಬೆಚ್ಚಗಿಡು ಎಂದು ಮಾತ್ರ. ಸೂಪು ಬೆಚ್ಚಗೇ ಇತ್ತು.

ಅಮಾನ್ಸನ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಮದುವೆಯಾಗದ ನಾನು ಅಂದಿನಿಂದ ಅವನ ಮನೆಯಲ್ಲಿಯೇ ಇದ್ದೇನೆ. ಮನೆಯಲ್ಲಿ ಅವನ ಮಗ ಫೆರಿಯೋಲ್, ಸೊಸೆ ನಾದೇಜ್, ಮೊಮ್ಮಗಳು ಕ್ಲೇಲಿ. ಫೆರಿಯೋಲ್ ದನಗಳನ್ನು ನೋಡಿಕೊಳ್ಳುತ್ತಾನೆ, ನಾದೇಜ್ ಹಾಲು ಚೀಸಿನ ಕೆಲಸ ನೋಡಿಕೊಳ್ಳುತ್ತಾಳೆ. ಕ್ಲೇಲಿ ಪೇಟೆಯಲ್ಲಿ ಓದುತ್ತಾಳೆ, ವಾರದ ಕೊನೆಗೆ ಮನೆಗೆ ಬರುತ್ತಾಳೆ. ಪಾದ್ರಿಗಳು ಒಳ್ಳೆಯ ಮಾತುಗಳನ್ನು ಹೇಳಿ ಅಮಾನ್ಸನನ್ನು ಮಣ್ಣಿಗೆ ಒಪ್ಪಿಸಿದರು. ಸುತ್ತಲಿನ ಬೆಟ್ಟಗಳಿಂದೆಲ್ಲ ಜನ ಬಂದಿದ್ದರು. ಸಮಾಧಿಯಿಂದ ಹಿಂದಿರುಗಿ ಊಟಕ್ಕೆ ಕೂತಾಗ ಅವರೆಲ್ಲ ಜೇಬಿನಿಂದ ತೆಗೆದ ಚಾಕುಗಳಲ್ಲಿ, ಮುರಿದ ಚಾಕು ಸರಿಮಾಡುತ್ತಿದ್ದ ನನ್ನ ತಮ್ಮನ ಕೈ ಮುಟ್ಟದ್ದು ಒಂದಾದರೂ ಇತ್ತೋ ಇಲ್ಲವೋ.

ನಮ್ಮ ಕಡೆ ಊಟದ ಮೇಜಿನ ಮೇಲೆ ಚಾಕು ಇಡುವ ಪದ್ಧತಿಯಿಲ್ಲ. ಅವರವರ ಚಾಕು ಅವರವರ ಜೇಬಿನಲ್ಲಿ. ಮನೆಯ ಯಜಮಾನ ಬ್ರೆಡ್ಡಿನ ತಳಕ್ಕೆ ಚಾಕುವಿನ ತುದಿಯಿಂದ ಶಿಲುಬೆ ಎಳೆದು ಕತ್ತರಿಸಿದರೆ ಊಟ ಆರಂಭ. ಅವನು ಅಲಗನ್ನು ಒರೆಸಿ ಮಡಿಸಿದರೆ ಊಟ ಮುಗಿಯಿತು. ಬಾಯಲ್ಲಿ ತುತ್ತಿದ್ದವರೂ ಏಳಬೇಕು. ಅಮಾನ್ಸ್ ಯಾವಾಗಲೂ ಎಲ್ಲರ ತಟ್ಟೆ ನೋಡಿಯೇ ಮಡಿಸುತ್ತಿದ್ದ.

ಈಗ ಅವನ ಕುರ್ಚಿಗೆ ಫೆರಿಯೋಲ್ ಬಂದ. ಅವನ ಜೇಬಿನಲ್ಲಿ ಚಾಕುವಿರಲಿಲ್ಲ. ಮೊದಲು ಇತ್ತು. ಅವನು ವಯಸ್ಸಿಗೆ ಬಂದಾಗ ಅಮಾನ್ಸ್ ನಮ್ಮ ತಂದೆಯ ಸವೆದ ಅಲಗನ್ನು ಮತ್ತೆ ಮಸೆದು, ಮನೆಯ ಕೊನೆಯ ಉಳುವ ಎತ್ತಿನ ಕೊಂಬಿನಿಂದ ಹಿಡಿ ಮಾಡಿ, ಈ ಕಡೆಯ ಚಾಕುಗಳಿಗೆ ರೂಢಿಯಂತೆ ನೊಣ ಕೆತ್ತುವ ಜಾಗದಲ್ಲಿ ಪುಟ್ಟದೊಂದು ದನದ ಗಂಟೆ ಕೆತ್ತಿ ಮಗನಿಗೆ ಕೊಟ್ಟಿದ್ದ. ಅಂಥ ಚಾಕು ಈ ಬೆಟ್ಟದಲ್ಲಿ ಇನ್ನೊಂದಿರಲಿಲ್ಲ. ಮರುವರ್ಷವೇ ಫೆರಿಯೋಲ್ ಅದನ್ನು ಬೇಸಿಗೆಯ ಹುಲ್ಲುಗಾವಲಿನಲ್ಲಿ ಕಳೆದುಕೊಂಡು ಬಂದ. ಅಪ್ಪ ಬೈಯಲಿಲ್ಲ, ಇನ್ನೊಂದನ್ನು ಮಾಡಿಕೊಡಲೂ ಇಲ್ಲ. ಊರಿಗೆಲ್ಲ ಮಾಡಿಕೊಟ್ಟವನು ಮಗನಿಗೆ ಮಾಡಿಕೊಡಲಿಲ್ಲ. ಫೆರಿಯೋಲ್ ಬೇರೆ ಕೊಳ್ಳಲೂ ಇಲ್ಲ. ಅಡಿಗೆಮನೆಯ ತರಕಾರಿ ಚಾಕುವಿನಲ್ಲೇ ತಿಂದುಕೊಂಡು ನಡುವಯಸ್ಸು ದಾಟಿದ.

ತರಕಾರಿ ಚಾಕು ಮಡಿಯುವುದಿಲ್ಲ. ಹೀಗಾಗಿ ನಮ್ಮ ಊಟಕ್ಕೆ ಕೊನೆಯೇ ಇಲ್ಲವಾಯಿತು. ಒಬ್ಬರು ಅರ್ಧಕ್ಕೇ ಎದ್ದು ಹಾಲು ಕರೆಯಲು ಹೋಗುವರು, ಇನ್ನೊಬ್ಬರು ಖಾಲಿ ತಟ್ಟೆಯ ಮುಂದೆ ಕೂತೇ ಇರುವರು.

ಅಮಾನ್ಸನ ಕೆಲಸದ ಕೋಣೆ ಕೊಟ್ಟಿಗೆಗೆ ಅಂಟಿಕೊಂಡಿದೆ. ಅವನು ಹೋದ ಮೇಲೆ ಧೂಳು ಹೊಡೆಯಲು ಹೋದ ನಾನು ಕೈಯಲ್ಲಿ ಬಟ್ಟೆ ಹಿಡಿದುಕೊಂಡು ನಿಂತೇ ಬಿಟ್ಟೆ. ಗೋಡೆಯ ಉದ್ದಕ್ಕೂ ಸೆಳೆಖಾನೆಗಳು, ಸೆಳೆಖಾನೆಗಳ ತುಂಬ ಮಡಿಚಾಕುಗಳು. ಕೆಲವು ಬೆರಳಿಗಿಂತ ಚಿಕ್ಕವು, ಉಳಿದವು ಅಂಗೈಯಲ್ಲಿ ಅಡಗುವವು. ಎಲ್ಲವೂ ಸಂತೆಯಲ್ಲಿ ಯಾರಿಗೂ ಬೇಡವಾಗಿ ತುಕ್ಕು ಹಿಡಿದು ಬಿದ್ದಿದ್ದವು. ಒಂದರ ಒಳ್ಳೆಯ ಅಲಗನ್ನು ಇನ್ನೊಂದರ ಒಳ್ಳೆಯ ಸ್ಪ್ರಿಂಗಿಗೆ ಕೂಡಿಸಿದ್ದ. ಸಡಿಲವಾದ ಸ್ಪ್ರಿಂಗನ್ನು ಕಾಯಿಸಿ, ಅರದಿಂದ ತಿದ್ದಿ, ಹೊಸದಾಗಿ ಹದ ಹಾಕಿದ್ದ. ಎಡಗೈಯವರಿಗೆಂದು ಉಗುರು ಸಿಕ್ಕಿಸುವ ಗೀರನ್ನು ಅಲಗಿನ ಆಚೆ ಮೈಗೆ ಕೊರೆದಿದ್ದ. ಬೆರಳು ಸೊಟ್ಟಗಾದ ನನ್ನಂಥ ಮುದುಕಿಯರಿಗೆಂದು ಹಿಡಿಯಲ್ಲೇ ಒಂದು ಕಚ್ಚು ತೆಗೆದು, ಉಗುರಿನ ಹಂಗಿಲ್ಲದೆ ಅಲಗನ್ನು ಎರಡು ಬೆರಳಲ್ಲಿ ಹಿಡಿದೆಳೆಯುವಂತೆ ಮಾಡಿದ್ದ. ದನಗಾಹಿಗಳಿಗೆಂದು ಬಿರಡೆ ತೆಗೆಯುವ ತಿರುಪನ್ನು ಕಿತ್ತು ಹಾಕಿ, ಹೊಟ್ಟೆಯುಬ್ಬರಿಸಿದ ಹಸುವಿಗೆ ಚುಚ್ಚುವ ದಬ್ಬಣವನ್ನು ಕೂಡಿಸಿದ್ದ. ಪ್ರತಿಯೊಂದರ ಹಿಡಿಯ ಮೇಲೂ ಸಾಸಿವೆಯಷ್ಟು ಸಣ್ಣ ಹಿತ್ತಾಳೆ ಮೊಳೆಗಳಿಂದ ಒಂದು ಶಿಲುಬೆ. ಬೇಸಿಗೆಯಿಡೀ ಚರ್ಚು ಕಾಣದೆ ಬೆಟ್ಟದ ಮೇಲಿರುವ ದನಗಾಹಿಗಳು ಚಾಕುವನ್ನು ಬ್ರೆಡ್ಡಿಗೆ ನೆಟ್ಟು, ಆ ಶಿಲುಬೆಯ ಮುಂದೆ ಪ್ರಾರ್ಥನೆ ಮಾಡುತ್ತಾರೆ.

ದೇವರು ಒಬ್ಬ ಮನುಷ್ಯನ ಎರಡು ಕೈಗಳಿಗೆ ಇಷ್ಟು ತಾಳ್ಮೆಯನ್ನು ಹೇಗೆ ಕೊಟ್ಟನೋ ಎಂದು ನಾನು ಬಾಗಿಲಲ್ಲೇ ಶಿಲುಬೆಯ ಗುರುತು ಹಾಕಿಕೊಂಡೆ.

ನಾದೇಜ್ ಅದೇ ಕೋಣೆಯಲ್ಲಿ ಬೇರೇನನ್ನೋ ಕಂಡಳು. ಸಂತ ಯಾಕೋಬನ ಯಾತ್ರೆಗೆ ನಡೆದು ಹೋಗುವವರು ನಮ್ಮ ಮನೆಯ ಮುಂದಿನಿಂದಲೇ ಹಾಯುತ್ತಾರೆ. ನಾಲ್ಕು ಮಂಚ ಹಾಕಿದರೆ ಅವರಿಗೆ ವಸತಿ ಕೊಡಬಹುದು, ಚೀಸು ಮಾರಿ ಬರುವುದಕ್ಕಿಂತ ಅದೇ ವಾಸಿ ಎನ್ನುವುದು ಅವಳ ಬಹುದಿನದ ಲೆಕ್ಕ. ಆ ಶನಿವಾರ ಮಧ್ಯಾಹ್ನ ಆಲೂಗಡ್ಡೆಗೆ ಹಸಿ ಚೀಸು ಹಾಕಿ ಅಲಿಗೊ ತಿರುವುತ್ತಾ ಆ ಮಾತು ತೆಗೆದಳು. ಕ್ಲೇಲಿಗೆ ರೇಗಿತು.

"ತಾತ ಹೋಗಿ ಮಣ್ಣಾರಿಲ್ಲ, ಆಗ್ಲೇ ಮಂಚ ಅಳೀತಿದೀಯಾ?"

"ಅಳೀದೇ ಏನ್ ಮಾಡ್ಲಿ? ಚಾಕು ತಿಂದು ಬದ್ಕೋಕಾಗುತ್ತಾ? ನಿನ್ ಬಸ್ಸಿನ ದುಡ್ಡು ಆ ಸೆಳೆಖಾನೇಲಿ ಇದ್ಯಾ ನೋಡ್ಕೊಂಡ್ ಬಾ."

"ಒಂದೂ ಹೊರಗ್ ಹೋಗ್ಬಾರ್ದು. ಅಜ್ಜಿ, ನೀನಾದ್ರೂ ಹೇಳು."

ನಾನು ಬಾಯಿ ತೆರೆಯುವಷ್ಟರಲ್ಲಿ ಫೆರಿಯೋಲ್ ತರಕಾರಿ ಚಾಕುವನ್ನು ತಟ್ಟೆಯ ಮೇಲೆ ಇಟ್ಟ. ಮೆಲ್ಲಗಿಟ್ಟರೂ ಎಲ್ಲರಿಗೂ ಕೇಳಿಸಿತು.

"ಒಂದೂ ಉಳೀಬಾರ್ದು," ಅಂದ. "ಎಲ್ಲಾ ಮಾರ್ತೀನಿ. ಸಂತೆಯ ಪ್ರಡೆಲಮ್ಮನಿಗೆ ಹೇಳಿ ಕಳಿಸಿದೀನಿ."

ನಾದೇಜ್ ಕೂಡ ತಿರುವುವುದನ್ನು ನಿಲ್ಲಿಸಿದಳು. "ಎಲ್ಲಾನೂ ಅಂತ ನಾನೂ ಹೇಳ್ಲಿಲ್ಲವಲ್ಲಪ್ಪ," ಅಂದಳು.

"ಊರೋರ ಮುರಿದ ಚಾಕುಗಳಿಗೆಲ್ಲಾ ಅಪ್ಪನ ಹತ್ರ ಜಾಗ ಇತ್ತು. ನನಗೆ ಅವು ಕಣ್ಮುಂದೆ ಬೇಡ."

ಅಲಿಗೊ ತಣ್ಣಗಾಗಿ ಹಗ್ಗದಂತೆ ಗಟ್ಟಿಯಾಯಿತು.

ಪ್ರಡೆಲಮ್ಮ ಮುಂದಿನ ವಾರ ತನ್ನ ಹಳೆಯ ವ್ಯಾನಿನಲ್ಲಿ ಬಂದಳು. ಸಂತೆಯಲ್ಲಿ ಹಳೆಯ ಕಬ್ಬಿಣ, ಬೀಗ, ಚಾಕು ಮಾರುವವಳು. ಗಟ್ಟಿ ದನಿಯ, ದಪ್ಪ ಮೈಯ ಹೆಂಗಸು. ಅಮಾನ್ಸ್ ತೀರಿಕೊಂಡ ದಿನ ಮೊದಲು ಅವನನ್ನು ಮುಟ್ಟಿ ನೋಡಿದವಳೂ ಅವಳೇ. ಕಾಫಿ ಕುಡಿದು ಕೋಣೆಗೆ ಹೋಗಿ ಮೊದಲನೆಯ ಸೆಳೆಖಾನೆ ಎಳೆದಳು. ಎರಡನೆಯದು ಎಳೆದಳು. ಮೂರನೆಯದರಲ್ಲಿ ಕೈಯಾಡಿಸಿದಳು.

"ಇದು ನನ್ನ ಕಸದ ಡಬ್ಬೀದು," ಅಂದಳು ಒಂದನ್ನು ಅಂಗೈಯಲ್ಲಿಟ್ಟುಕೊಂಡು. "ಇದೂ ನಂದೇ. ಅಲಗು ಮುರಿದಿತ್ತು. ನೋಡೀಗ."

ಅದನ್ನು ತೆರೆದಳು, ಮಡಿಸಿದಳು, ಮತ್ತೆ ತೆರೆದಳು. ಅಲಗು ನೀರಿನಂತೆ ಸರಿಯುತ್ತಿತ್ತು. ಆಮೇಲೆ ಸಹಜವಾಗಿಯೇ ಕೇಳಿದಳು.

"ಎಲ್ಲಾ ಸರಿ. ಅದನ್ನ ಎಲ್ಲಿಟ್ಟಿದೀರಿ? ಕೊಂಬಿನ ಹಿಡೀದು, ಗಂಟೆ ಕೆತ್ತಿದ್ದು. ಒಂದ್ಸಲ ಕಣ್ಣಲ್ಲಿ ನೋಡ್ಬೇಕು ಅಂತಿತ್ತು."

ನಾವು ಅವಳ ಮುಖ ನೋಡಿದೆವು.

ಅವಳು ವಿವರವಾಗಿ ಹೇಳಿದಳು. ಅಮಾನ್ಸ್ ಮೊದಮೊದಲು ಸಂತೆಗೆ ಬರುತ್ತಿದ್ದದ್ದು ಚಾಕು ಕೊಳ್ಳಲು ಅಲ್ಲವೇ ಅಲ್ಲ. ಮಗನ ಕಳೆದುಹೋದ ಚಾಕುವನ್ನು ಹುಡುಕಲು. ಹುಲ್ಲುಗಾವಲಿನಲ್ಲಿ ಬಿದ್ದದ್ದು ಯಾರಿಗೋ ಸಿಕ್ಕಿರುತ್ತದೆ, ಸಿಕ್ಕವರು ಮಾರುತ್ತಾರೆ, ಮಾರಿದ್ದು ಎಂದಾದರೂ ಇಂಥ ಡಬ್ಬಿಗೇ ಬಂದು ಬೀಳುತ್ತದೆ ಎಂದು ಅವನ ನಂಬಿಕೆ. ಮಳೆ ಬರಲಿ ಹಿಮ ಬರಲಿ, ಡಬ್ಬಿಯ ಮುಂದೆ ಮೊಣಕಾಲೂರಿ ಒಂದೊಂದನ್ನೇ ಎತ್ತಿ ನೋಡಿ ಕೆಳಗಿಡುವನು. ವರ್ಷಗಟ್ಟಲೆ ಹೀಗೆ. ಹಿಡಿಯನ್ನು ಯಾರಾದರೂ ಬದಲಿಸಿದ್ದರೆ ಗುರುತು ಸಿಗದೆಂದು ಸ್ಪ್ರಿಂಗನ್ನೂ ಬಿಚ್ಚಿ ನೋಡುವನು.

"ಒಂದಿನ ಬಂದ್ರು, ಹುಡುಕ್ಲೇ ಇಲ್ಲ. ಸಿಕ್ತಾ ಅಂದೆ. ಸಿಕ್ತು, ಒಳ್ಳೇ ಮನೇಲಿದೆ ಅಂದ್ರು."

"ಆಮೇಲೂ ಬರ್ತಿದ್ರಲ್ಲ?" ನಾದೇಜ್ ಕೇಳಿದಳು.

"ನಾನೂ ಅದನ್ನೇ ಕೇಳ್ದೆ. 'ಇಷ್ಟು ವರ್ಷ ಇವನ್ನೆಲ್ಲ ಎತ್ತಿ, ನೀನಲ್ಲ ನೀನಲ್ಲ ಅಂತ ಕೆಳಗಿಟ್ಟೆ. ಪಾಪ, ಇವಕ್ಕೂ ಯಾರಾದ್ರೂ ಬೇಕಲ್ಲ' ಅಂದ್ರು. ಅವತ್ತಿಂದ ಕೊಳ್ಳೋಕೆ ಶುರು ಮಾಡಿದ್ರು."

ಫೆರಿಯೋಲ್ ಗೋಡೆಗೆ ಒರಗಿ ನಿಂತಿದ್ದ. ದನಗಳ ಕಡೆ ಹೋದ. ಪ್ರಡೆಲಮ್ಮ ಬೆಲೆಯ ಮಾತನ್ನೇ ಎತ್ತದೆ, ನನ್ನ ಕೆನ್ನೆಗೆ ಮುತ್ತಿಟ್ಟು ಹೊರಟುಹೋದಳು.

ನಾವು ಹೆಂಗಸರು ಮನೆಯಿಡೀ ಹುಡುಕಿದೆವು. ಸೆಳೆಖಾನೆಗಳನ್ನು ಸುರಿದೆವು, ಅಮಾನ್ಸನ ಕೋಟಿನ ಒಳಪದರವನ್ನೂ ಮುಟ್ಟಿ ನೋಡಿದೆವು. ಕೊಂಬಿನ ಹಿಡಿಯ ಚಾಕು ಸಿಗಲಿಲ್ಲ. ಫೆರಿಯೋಲ್ ಹುಡುಕಲು ಬರಲಿಲ್ಲ. ಸರಿಯಾಗಿ ಉಣ್ಣುವುದನ್ನೂ ಬಿಟ್ಟ. ಸೂಪಿನಲ್ಲಿ ಬ್ರೆಡ್ಡು ನೆನೆಹಾಕಿ ನೋಡುತ್ತಾ ಕೂರುವನು. ಹಸು ಹೀಗೆ ಮೇವು ಬಿಟ್ಟಿದ್ದರೆ ಡಾಕ್ಟರನ್ನಾದರೂ ಕರೆಸಬಹುದಿತ್ತು ಎಂದು ನಾದೇಜ್ ಗೊಣಗುವಳು, ಆದರೂ ಅವನ ತಟ್ಟೆಗೇ ಮಾಂಸದ ದೊಡ್ಡ ತುಂಡು ಹಾಕುವಳು.

ಭಾನುವಾರದ ಊಟದಲ್ಲಿ ಕ್ಲೇಲಿ ಬಿಡಲಿಲ್ಲ. ಸಿಕ್ಕಿದ್ದರೆ ತಾತ ಅಪ್ಪನಿಗೆ ಯಾಕೆ ಕೊಡಲಿಲ್ಲ, ಒಳ್ಳೆಯ ಮನೆ ಅಂದರೆ ಯಾರ ಮನೆ, ಹುಲ್ಲುಗಾವಲಿನ ಯಾವ ಕಡೆ ಬಿದ್ದಿತ್ತು ಎಂದು ಒಂದಾದ ಮೇಲೊಂದು ಕೇಳಿದಳು.

"ಹುಲ್ಲುಗಾವಲಲ್ಲಿ ಬಿದ್ದಿರ್ಲಿಲ್ಲ," ಅಂದ ಫೆರಿಯೋಲ್. "ಕೊಟ್ಟಿದ್ದೆ."

ಅವನು ಯಾರ ಕಡೆಗೂ ನೋಡದೆ ಹೇಳತೊಡಗಿದ. ಎಲ್ಜಿಯಾರ್ ಎಂಬ ಅವನ ಗೆಳೆಯ ನಮಗೆಲ್ಲ ಗೊತ್ತು. ಎಳೆತನದಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಎಲ್ಜಿಯಾರ್ ನಮ್ಮ ಕಡೆಯ ಎಷ್ಟೋ ಹುಡುಗರಂತೆ ಪ್ಯಾರಿಸ್ಸಿನ ಕಾಫಿ ಅಂಗಡಿಯಲ್ಲಿ ಕೆಲಸಕ್ಕೆ ಹೊರಟಾಗ ಫೆರಿಯೋಲ್ ರೈಲಿನವರೆಗೆ ಹೋಗಿದ್ದ. ರೈಲು ಅಲುಗಿದಾಗ, ಕೊಡಲು ಬೇರೇನೂ ಇಲ್ಲದೆ, ಜೇಬಿನ ಚಾಕುವನ್ನು ಕಿಟಕಿಯಿಂದ ಅವನ ಕೈಗೆ ತುರುಕಿಬಿಟ್ಟ. ಚಾಕುವನ್ನು ಯಾರೂ ಸುಮ್ಮನೆ ಕೊಡಬಾರದು. ತೆಗೆದುಕೊಂಡವನು ಕೊಟ್ಟವನಿಗೆ ಒಂದು ಪುಡಿನಾಣ್ಯವನ್ನಾದರೂ ಕೊಡಬೇಕು, ಇಲ್ಲದಿದ್ದರೆ ಸ್ನೇಹ ಕಡಿದುಹೋಗುತ್ತದೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಓಡುವ ರೈಲಿನಲ್ಲಿ ನಾಣ್ಯವೆಲ್ಲಿ? ಮನೆಗೆ ಬರುವ ದಾರಿಯಲ್ಲಿ ಹೆದರಿಕೆ ಹಿಡಿಯಿತು. ಅಜ್ಜನ ಅಲಗು, ಅಪ್ಪನ ಕೈಕೆಲಸ, ನಾಣ್ಯವಿಲ್ಲದೆ ಕೊಟ್ಟದ್ದು. ಕಳೆದುಹೋಯಿತೆಂದು ಹೇಳಿಬಿಟ್ಟ. ಎಲ್ಜಿಯಾರ್ ಊರಿಗೆ ಮರಳಿ ಆಚೆ ಕಣಿವೆಯಲ್ಲಿ ದನ ಸಾಕತೊಡಗಿದ ಮೇಲೆ, ಅವನ ಜೇಬಿನಿಂದ ಚಾಕು ಹೊರಬಂದರೆ ಸುಳ್ಳೂ ಹೊರಬರುತ್ತದೆಂದು ಅವನ ಮನೆಯ ಕಡೆಗೆ ಕಾಲಿಡುವುದನ್ನೇ ಬಿಟ್ಟ.

"ಚಾಕು ಕೊಟ್ರೆ ಸ್ನೇಹ ಹೋಗುತ್ತೆ ಅನ್ನೋದು ನಿಜಾನೇ ಆಯ್ತಲ್ಲ," ಅಂದ.

"ಚಾಕು ಏನ್ ಮಾಡ್ತು ಪಾಪ," ಅಂದಳು ನಾದೇಜ್. "ಬೇಲಿಯಾಚೆ ಅವನನ್ನ ಕಂಡ್ರೆ ಹಸುವಿನ ಹಿಂದೆ ಬಗ್ಗಿ ಕೂರ್ತಿದ್ದೋನು ನೀನು. ನಾನೇ ನೋಡಿದೀನಿ. ಅವನಿಗೆ ಸಾಲ ಕೊಡ್ಬೇಕೇನೋ ಅಂದ್ಕೊಂಡಿದ್ದೆ."

ಫೆರಿಯೋಲನ ದನಿ ಸಣ್ಣದಾಯಿತು.

"ಅತ್ತೆ, ಇಷ್ಟು ವರ್ಷ ನನ್ನ ಅಪ್ಪ ಆ ಕಸದ ಡಬ್ಬಿ ಮುಂದೆ ಮೊಣಕಾಲೂರಿ ಕೂತಿದ್ರು. ಇಲ್ಲದೇ ಇರೋದನ್ನ ಹುಡುಕ್ತಾ. ಈಗ ನಾನು ಯಾರ ಹತ್ರ ಹೋಗಿ ಹೇಳ್ಲಿ?"

ನನಗೆ ಒಂದು ಮಾತ್ರ ಹೊಳೆಯಿತು. ಸಿಕ್ಕಿತು ಎಂದು ಅಮಾನ್ಸ್ ಹೇಳಿದ್ದಾನೆ, ಅಮಾನ್ಸ್ ಸುಳ್ಳಾಡುವವನಲ್ಲ. ಎಲ್ಜಿಯಾರನ ಮನೆಗೆ ಹೋಗೋಣ, ನಾನೂ ಬರುತ್ತೇನೆ ಎಂದೆ.

ಎಲ್ಜಿಯಾರ್ ಅಂಗಳದಲ್ಲಿ ಕೊಡಲಿಗೆ ಸಾಣೆ ಹಿಡಿಯುತ್ತಿದ್ದ. ಕಾರಿನಿಂದ ಇಳಿದ ಫೆರಿಯೋಲನನ್ನೂ ನನ್ನನ್ನೂ ಕಂಡು ಟೋಪಿ ತೆಗೆದ. ಅಮಾನ್ಸನ ಮಣ್ಣಿಗೆ ಬಂದು ಹಿಂದಿನ ಸಾಲಿನಲ್ಲೇ ನಿಂತು ಹೋಗಿದ್ದನಂತೆ. ಒಳಗೆ ಕೂರಿಸಿ ಬ್ರೆಡ್ಡು, ಒಣಗಿಸಿದ ಸಾಸೇಜು, ವೈನು ತಂದಿಟ್ಟ. ಜೇಬಿಗೆ ಕೈ ಹಾಕಿ ಚಾಕು ತೆರೆದು ನನ್ನ ಮುಂದಿಟ್ಟ. ಕೊಂಬು ಕೈಬೆವರಿಗೆ ಕಪ್ಪಾಗಿ ಹೊಳೆಯುತ್ತಿತ್ತು. ಗಂಟೆ, ಹಿತ್ತಾಳೆ ಮೊಳೆಗಳ ಶಿಲುಬೆ ಹಾಗೆಯೇ ಇದ್ದವು. ನಮ್ಮ ತಂದೆಯ ಅಲಗು.

ಫೆರಿಯೋಲ್ ಮುಟ್ಟಲಿಲ್ಲ. "ಅಪ್ಪ ಇಲ್ಲಿಗೆ ಬಂದಿದ್ರಾ?" ಎಂದು ಕೇಳಿದ.

"ಬಂದಿದ್ರು. ನಾನು ಪ್ಯಾರಿಸ್ಸಿಂದ ಬಂದು ಸ್ವಲ್ಪ ದಿನಕ್ಕೆ, ಒಂದು ಕರು ನೋಡೋಕೆ. ಇದೇ ಮೇಜು. ನಾನು ಬ್ರೆಡ್ ಕತ್ತರಿಸ್ತಾ ಇದ್ದೆ. ಅವರು ಕೈ ಚಾಚಿದ್ರು, ಕೊಟ್ಟೆ. ಬಹಳ ಹೊತ್ತು ನೋಡಿದ್ರು. ನಿಮ್ಮ ಮಗ ರೈಲಲ್ಲಿ ಕೊಟ್ಟ ಅಂದೆ. ನಂಗೇನು ಗೊತ್ತು ಕಳೆದುಹೋಗಿದೆ ಅಂತ ನೀನು ಹೇಳಿದ್ದು?"

"ಬೈದ್ರಾ?"

"ಸುತ್ತಿಗೆ ಕೇಳಿದ್ರು."

ಎಲ್ಜಿಯಾರ್ ಹಿಡಿಯ ಮೇಲೆ ಬೆರಳಿಟ್ಟ.

"ಇಲ್ಲಿ, ಈ ಮೊಳೆ ಸಡಿಲ ಆಗಿತ್ತು. ಹೊಸ್ತಿಲ ಕಲ್ಲಿನ ಮೇಲಿಟ್ಟು ಟಕಟಕ ಅಂತ ಬಿಗಿ ಮಾಡಿ ವಾಪಸ್ ಕೊಟ್ರು. ಪ್ಯಾರಿಸ್ಸಿನ ಆ ಕತ್ತಲೆ ಕೋಣೇಲಿ ಇದನ್ನೇ ಬ್ರೆಡ್ಡಿಗೆ ನೆಟ್ಟು ಪ್ರಾರ್ಥನೆ ಮಾಡ್ತಿದ್ದೆ ಅಂತ ಹೇಳ್ದೆ. ಆಗ ಕಣ್ಣೊರೆಸಿಕೊಂಡ್ರು. ಇದಕ್ಕೆ ನಾಣ್ಯ ಕೊಟ್ಯಾ ಅಂತ ಕೇಳಿದ್ರು. ಇಲ್ಲ ಅಂದೆ. ಕೊಡು, ಅವನ ಪರವಾಗಿ ನಾನು ಇಸ್ಕೋತೀನಿ ಅಂದ್ರು. ಒಂದು ಸಾಂತೀಮ್ ಪುಡಿನಾಣ್ಯ ಕೊಟ್ಟೆ. ಜೇಬಲ್ಲಿ ಹಾಕ್ಕೊಂಡ್ರು."

ಎಲ್ಜಿಯಾರ್ ಸಾಸೇಜಿನ ಸಿಪ್ಪೆ ಬಿಡಿಸಿ ನನ್ನ ಮುಂದಿಟ್ಟ.

"ಹೋಗುವಾಗ ಹೇಳಿದ್ರು. 'ಕೊಟ್ಟಿದ್ದು ಒಳ್ಳೇದೇ. ನಾನ್ ನೋಡ್ದೆ ಅಂತ ಅವನಿಗೆ ಹೇಳ್ಬೇಡ. ಅವನೇ ಬಂದು ಹೇಳ್ತಾನೆ, ಹೇಳಿದ ದಿನ ಇನ್ನೊಂದು ಮಾಡ್ಕೊಡ್ತೀನಿ' ಅಂದ್ರು. ನಾನು ಮಾತು ಕೊಟ್ಟೆ. ನೀನು ಈ ಕಡೆ ತಲೆ ಹಾಕ್ಲಿಲ್ಲ. ದೊಡ್ಡ ಮನುಷ್ಯ ಆಗ್ಬಿಟ್ಟ ಅಂದ್ಕೊಂಡೆ ಕಣೋ."

ಫೆರಿಯೋಲ್ ಮುಖವನ್ನು ಎರಡೂ ಕೈಗಳಲ್ಲಿ ಮುಚ್ಚಿಕೊಂಡ. ಎಲ್ಜಿಯಾರ್ ಎದ್ದು ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು ನಿಂತ. ನಾನು ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಟ್ಟುಮಾಡುತ್ತಾ ಕೂತೆ. ಎಷ್ಟು ಚಳಿಗಾಲ ನಾವು ಒಂದೇ ಮೇಜಿನಲ್ಲಿ ಒಂದೇ ಪಾತ್ರೆಯ ಸೂಪು ಕುಡಿದೆವು. ಎದುರಿಗೆ ತರಕಾರಿ ಚಾಕುವಿನಲ್ಲಿ ತಿನ್ನುವ ಮಗ. ಅಮಾನ್ಸನ ಮುಖದಲ್ಲಿ ಒಂದು ದಿನವಾದರೂ ಒಂದು ಗೆರೆ ಬದಲಾದದ್ದನ್ನು ನಾನು ಕಾಣಲಿಲ್ಲ. ಎಲ್ಲರ ತಟ್ಟೆ ನೋಡಿಯೇ ಚಾಕು ಮಡಿಸುತ್ತಿದ್ದ ಅವನು ಮಗನ ತಟ್ಟೆಯನ್ನು ಕೊನೆಗೆ ನೋಡುತ್ತಿದ್ದ. ಅದು ನಿಧಾನವಾಗಿ ತಿನ್ನುವವನ ಮೇಲಿನ ಕನಿಕರವೆಂದು ನಾನು ತಿಳಿದಿದ್ದೆ. ನಾನು ಎಷ್ಟೋ ಉಪದೇಶ ಕೇಳಿದ್ದೇನೆ, ಎಷ್ಟೋ ಸಂತರ ಕಥೆ ಓದಿದ್ದೇನೆ. ಹೀಗೆ ಕಾದವನೊಬ್ಬನ ಬಟ್ಟೆಯನ್ನು ನಾನೇ ಒಗೆಯುತ್ತಿದ್ದೆ, ನನಗೆ ತಿಳಿಯಲಿಲ್ಲ.

ಹೊರಡುವಾಗ ಎಲ್ಜಿಯಾರ್ ಚಾಕುವನ್ನು ಮಡಿಸಿ ಫೆರಿಯೋಲನ ಕಡೆಗೆ ನೂಕಿದ. ಫೆರಿಯೋಲ್ ಹಿಂದಕ್ಕೆ ನೂಕಿದ.

"ಅಪ್ಪ ನಾಣ್ಯ ಇಸ್ಕೊಂಡಾಗಿದೆ. ಅದು ನಿಂದು."

ಕೋಣೆಯ ಜಗಳ ತಾನಾಗಿ ಮುಗಿಯಿತು. ಮಂಚಗಳು ಬಂದವು, ಸೆಳೆಖಾನೆಗಳೂ ಉಳಿದವು. ಚಾಕುವಿಲ್ಲದೆ ಬರುವ ಯಾತ್ರಿಕರಿಗೆ ಊಟಕ್ಕೆ ಒಂದೊಂದು ಕೊಡೋಣ, ಹಿಡಿದು ನೋಡಲಿ, ಎಂದದ್ದು ನಾದೇಜಳೇ. ಕದ್ದುಕೊಂಡು ಹೋದರೆ ಎಂದು ಕ್ಲೇಲಿ ಕೇಳಿದಳು. ನಾಣ್ಯ ಇಡದೆ ಹೋದವನಿಗೆ ಸಂತ ಯಾಕೋಬನೇ ಕಾಲಲ್ಲಿ ಬೊಬ್ಬೆ ಬರಿಸುತ್ತಾನೆ ಎಂದು ನಾದೇಜ್ ಹೇಳಿದಳು. ತಾತ ಹೋದ ಮೇಲೆ ಆ ಹುಡುಗಿ ಅಮ್ಮನ ಮಾತಿಗೆ ನಕ್ಕದ್ದು ಅದೇ ಮೊದಲು.

ಅಮಾನ್ಸ್ ತೀರಿ ತಿಂಗಳಾದಾಗ ಚರ್ಚಿನಲ್ಲಿ ನಡೆದ ಬಲಿಪೂಜೆಯ ಪ್ರಾರ್ಥನೆಗೆ ಎಲ್ಜಿಯಾರ್ ಬಂದ. ಈ ಸಲ ಮುಂದಿನ ಸಾಲಿನಲ್ಲಿ, ಫೆರಿಯೋಲನ ಪಕ್ಕದಲ್ಲಿ ನಿಂತ. ಪೂಜೆ ಮುಗಿದ ಮೇಲೆ ಎಲ್ಲರೂ ಸಮಾಧಿಗೆ ಹೋದೆವು. ಗಾಳಿ ಜೋರಾಗಿತ್ತು. ಬೆಟ್ಟದಿಂದ ದನಗಳನ್ನು ಇಳಿಸುವ ಕಾಲ, ದೂರದಲ್ಲಿ ಗಂಟೆಗಳು ಕೇಳುತ್ತಿದ್ದವು. ಪಾದ್ರಿಗಳು ನೀರು ಚಿಮುಕಿಸಿ ಹಿಂದೆ ಸರಿದರು. ಎಲ್ಲರೂ ತಿರುಗಿ ಹೊರಡುವವರಿದ್ದೆವು. ಫೆರಿಯೋಲ್ ಟೋಪಿ ತೆಗೆದು ಹಸಿಮಣ್ಣಿನ ಮೇಲೆ ಮೊಣಕಾಲೂರಿದ. ಊರಿನವರು ಕೇಳುವಂತೆಯೇ ಹೇಳಿದ.

"ಅಪ್ಪಾ, ಅದು ಕಳೆದುಹೋಗಿರ್ಲಿಲ್ಲ. ನಾನೇ ಕೊಟ್ಟಿದ್ದೆ. ಸುಳ್ಳು ಹೇಳ್ದೆ."

ಅವನು ತಲೆ ಬಗ್ಗಿಸಿದ. ಏಳಲಿಲ್ಲ. ಹಿಂದಿನಿಂದ ಯಾರೋ ಕೆಮ್ಮಿದರು. ಎಲ್ಜಿಯಾರ್ ಅವನ ಪಕ್ಕಕ್ಕೆ ಬಂದು ಮೊಣಕಾಲೂರಿದ. ಆಮೇಲೆ ನಾದೇಜ್, ಆಮೇಲೆ ಕ್ಲೇಲಿ. ನನ್ನ ಮೊಣಕಾಲು ಬಗ್ಗುವುದಿಲ್ಲ. ಕೋಲೂರಿ ನಿಂತೇ ಕಣ್ಣು ಮುಚ್ಚಿಕೊಂಡೆ.

ಪ್ರಭುವೇ, ಅಮಾನ್ಸ್ ಕೇಳಬೇಕೆಂದಿದ್ದ ಮಾತನ್ನು ಅವನಿಗೆ ಕೇಳಿಸು. ಅವನು ಕಾದದ್ದು ಸಾಕು. ಬೇಡವಾದದ್ದನ್ನು ಎತ್ತಿಕೊಂಡು ಮನೆಗೆ ತಂದ ಆ ಕೈಗಳನ್ನು ನಿನ್ನ ಕೈಯಲ್ಲಿ ಹಿಡಿದುಕೋ. ನಿನ್ನ ಮೇಜಿನಲ್ಲಿ ಅವನಿಗೊಂದು ಜಾಗ ಕೊಡು. ನಿನ್ನ ಬೆಳಕು ಅವನ ಮೇಲಿಂದ ಎಂದಿಗೂ ಸರಿಯದಿರಲಿ. ದಣಿದ ನನ್ನ ತಮ್ಮನಿಗೆ ಶಾಂತಿಯನ್ನು ದಯಪಾಲಿಸು. ಆಮೆನ್.